ಕೇಳಿದವರಿಗೆಲ್ಲ ಕೊಟ್ಟದ್ದು

"ಬಾಯಿಗೆ ಬೀಗ ಹಾಕ್ಕೊಂಡು ಒಳಗೆ ಹೋಗು. ಕೆಲಸ ಖಾಯಂ ಅಂತ ಅವರು ಹೇಳೋವರೆಗೆ ಪಿಟಕ್ ಅನ್ಬೇಡ," ಎಂದ ಗಂಡ ಫೋನಿನಲ್ಲಿ.

ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳು ದನಿ ತಗ್ಗಿಸಿದಳು. "ಲ್ಯಾಬಲ್ಲಿ ನಾನು ಬೆಳೆಸ್ತಿರೋವು ಲಿವರಿನ ಜೀವಕೋಶಗಳೇ ಅಲ್ಲ ಕಣ್ರೀ. ಬೆಳಿಗ್ಗೆ ಪರೀಕ್ಷೆ ರಿಪೋರ್ಟ್ ಬಂತು. ಯಾವುದೋ ಬೇರೆ ಕ್ಯಾನ್ಸರಿನವು. ನಾನು ಇಷ್ಟು ವರ್ಷ..."

"ಇಷ್ಟು ವರ್ಷ ಗೊತ್ತಿರ್ಲಿಲ್ಲ ತಾನೇ? ಇನ್ನೊಂದು ಗಳಿಗೆ ಗೊತ್ತಿಲ್ಲ ಅಂದ್ಕೋ. ನಾನು ಕೆಲಸ ಕಳ್ಕೊಂಡು ಮನೇಲಿ ಕೂತಿದೀನಿ. ನಿಂದೂ ಹೋದ್ರೆ ಎಲ್ಲಿಗೆ ಹೋಗೋಣ ಹೇಳು?"

ಅವಳು ಬರೆದ ಸಂಶೋಧನಾ ಪ್ರಬಂಧಗಳು ಬೇಕಾದಷ್ಟಿದ್ದವು, ಆದರೆ ಒಂದನ್ನು ಬಿಟ್ಟು ಉಳಿದವನ್ನು ಮೂಸಿ ನೋಡುವವರಿರಲಿಲ್ಲ. ಲಿವರ್ ಕ್ಯಾನ್ಸರಿನ ಕೋಶಗಳನ್ನು ಒಂದು ಔಷಧ ಹೇಗೆ ಕೊಲ್ಲುತ್ತದೆಂದು ತೋರಿಸಿದ ಇದೊಂದನ್ನು ಮಾತ್ರ ಎಲ್ಲೆಲ್ಲಿಯವರೋ ಉಲ್ಲೇಖಿಸುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಬೇರೆಯವರು ತಮ್ಮ ಕೋಶಗಳನ್ನು ಬಚ್ಚಿಟ್ಟುಕೊಂಡರೆ ಇವಳು ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ, ಕೇಳಿದವರಿಗೆಲ್ಲ ಪುಟ್ಟ ಸೀಸೆಯಲ್ಲಿ ಹಾಕಿ, ಕೆಡದಂತೆ ಡ್ರೈ ಐಸಿನಲ್ಲಿಟ್ಟು ಕಳಿಸುತ್ತಿದ್ದಳು. ಪಡೆದವರು ತಾವು ಬರೆಯುವಾಗ ಇವಳ ಪ್ರಬಂಧದ ಹೆಸರು ಹೇಳುತ್ತಿದ್ದರು. ಉಲ್ಲೇಖಗಳ ಸಂಖ್ಯೆ ಏರಿದ್ದು ಹಾಗೆ; ಕೆಲಸ ಖಾಯಂ ಆಗಬೇಕಿದ್ದದ್ದೂ ಅದರ ಮೇಲೇ. ಅತ್ತೆಯಂತೂ ತರಕಾರಿ ರೇಟು ವಿಚಾರಿಸಿದಂತೆ ದಿನಾ ಬೆಳಿಗ್ಗೆ ಕೇಳುತ್ತಿದ್ದರು: "ಇವತ್ತೆಷ್ಟಾಯ್ತೇ ನಿಂದು?"

ಈಗ ನೋಡಿದರೆ ಹೆಪ್ಪೇ ಕೆಟ್ಟಿತ್ತು. ಎಂದೋ ಅವಸರದಲ್ಲಿ ಎರಡು ಬಗೆಯ ಕೋಶಗಳಿಗೆ ಒಂದೇ ಬಾಟಲಿಯಿಂದ ಪೋಷಕ ದ್ರವ ಹಾಕಿ, ಒಂದರ ಕೋಶ ಇನ್ನೊಂದಕ್ಕೆ ಸೇರಿರಬೇಕು. ಮಾಡಲೇಬಾರದು ಎಂದು ಮೊದಲ ದಿನವೇ ಹೇಳಿಕೊಡುವ ತಪ್ಪು. ಬೇಗ ಬೆಳೆಯುವ ಕೋಶ ನಿಧಾನದ್ದನ್ನು ಸದ್ದಿಲ್ಲದೆ ಮುಗಿಸಿಬಿಟ್ಟಿತ್ತು. ಇವಳು ಹಳೇ ಹೆಸರಿಟ್ಟುಕೊಂಡು ಅದನ್ನೇ ಸಾಕಿದ್ದಳು, ಹಂಚಿದ್ದಳು.

"ಬನ್ನಿ ಬನ್ನಿ! ನಿಮ್ಮ ಸಂಖ್ಯೆ ನೋಡಿ ನಮಗೇ ಹೊಟ್ಟೆಕಿಚ್ಚು," ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷರು, ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸುತ್ತ. ಉಳಿದವರು ನಕ್ಕರು.

"ಸರ್, ಆ ಪ್ರಬಂಧ... ನೀವು ಯಾರಾದ್ರೂ ಓದಿದೀರಾ?" ಬಾಯಿ ತಪ್ಪಿ ಬಂದುಬಿಟ್ಟಿತು.

"ಅಯ್ಯೋ, ಓದೋಕೆ ಯಾರಿಗಮ್ಮ ಪುರುಸೊತ್ತು? ಇಷ್ಟು ಜನ ಓದಿದಾರಲ್ಲ, ಸಾಲದಾ?"

ಹೇಳಬೇಕಿದ್ದರೆ ಆಗಲೇ ಹೇಳಬೇಕಿತ್ತು. ಗಂಡನ ಗಡ್ಡ ಬೆಳೆದ ಮುಖ ಕಣ್ಣ ಮುಂದೆ ಬಂತು. ಅವರು ಕೈಕುಲುಕಿದರು, ಇವಳು ಥ್ಯಾಂಕ್ಸ್ ಎಂದಳು. ಅಷ್ಟೇ, ಕೆಲಸ ಖಾಯಂ. ಹೊರಗೆ ಬಂದು ಮನೆಗೆ "ಆಯ್ತು" ಎಂದು ಮೆಸೇಜು ಕಳಿಸುವಾಗ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸಿತು.

ಲ್ಯಾಬಿನ ಬಾಗಿಲಲ್ಲಿ ಕೊರಿಯರಿನವನು ನಿಂತಿದ್ದ. "ಎಲ್ಲಿ ಹೋಗಿದ್ರಿ ಮೇಡಂ? ಆಗ್ಲಿಂದ ಕಾಯ್ತಿದೀನಿ. ಪಾರ್ಸೆಲ್ ರೆಡಿ ತಾನೇ?"

ರಿಪೋರ್ಟ್ ಬರುವ ಮೊದಲೇ ಅವಳು ಕಟ್ಟಿಟ್ಟಿದ್ದ ಥರ್ಮೋಕೋಲ್ ಪೆಟ್ಟಿಗೆ ಮೇಜಿನ ಮೇಲಿತ್ತು. ಯಾವುದೋ ಆಸ್ಪತ್ರೆಯವರು ಕೇಳಿದ್ದರು. ಔಷಧವನ್ನು ಈ ಕೋಶಗಳ ಮೇಲೆ ಒಮ್ಮೆ ಪರೀಕ್ಷಿಸಿ ನೋಡಿಕೊಂಡು ಲಿವರ್ ಕ್ಯಾನ್ಸರ್ ರೋಗಿಗಳಿಗೆ ಶುರು ಮಾಡುತ್ತಾರಂತೆ. ಇದೊಂದು ಹೋಗಲಿ, ನಾಳೆ ಎಲ್ಲರಿಗೂ ಬರೆದು ತಿಳಿಸಿದರಾಯಿತು ಅಂದುಕೊಂಡಳು. ನಾಳೆಯೂ ಬರೆಯುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದಳು. ಅವನು ಎತ್ತಿಕೊಂಡು ಹೊರಟ.

ಫೋನ್ ಬಡಿದುಕೊಂಡಿತು. ಅತ್ತೆ.

"ಗೆದ್ದುಬಿಟ್ಯಲ್ಲೇ ನನ್ನ ಬಂಗಾರ! ಇವನು ಅಳ್ತಾ ಕೂತಿದಾನೆ ನೋಡು, ಹುಚ್ಚಪ್ಪ. ಇನ್ಮೇಲೆ ದಿನಾ ಕೇಳಿ ನಿನ್ನ ಪ್ರಾಣ ತಿನ್ನಲ್ಲ. ಇವತ್ತೊಂದಿನ ಹೇಳ್ಬಿಡು, ಎಷ್ಟಾಯ್ತು?"

ಅವಳು ಹೇಳಲು ಹೋದಳು. "ಗೊತ್ತಿಲ್ಲ ಅತ್ತೆ... ಎಷ್ಟು ಜನಕ್ಕೆ ಕೊಟ್ಟಿದೀನೋ ನಂಗೇ ಗೊತ್ತಿಲ್ಲ..."

"ಯಾಕೇ? ಏನಾಯ್ತೇ? ಹಲೋ?"

ಫೋನನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ಓಡಿದಳು. "ಅಣ್ಣಾ, ಕೊಡಿ ಅದನ್ನ. ಕೊಡಿ ಅಂದ್ನಲ್ಲಾ!"

ಪೆಟ್ಟಿಗೆಯನ್ನು ಕಿತ್ತುಕೊಂಡು ಬಂದು, ಮೇಜಿನ ಮೇಲಿಟ್ಟು, ಟೇಪು ಹರಿದು, ಮುಚ್ಚಳ ತೆಗೆದಳು.

"ಮೇಡಂ, ಮುಚ್ಚಿ, ಒಳಗಿರೋದು ಹಾಳಾಗೋಗುತ್ತೆ!" ಎಂದು ಅವನು ಗಾಬರಿಯಾದ.

ಅವಳು ಮುಚ್ಚಲಿಲ್ಲ. ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಡ್ರೈ ಐಸಿನ ಬಿಳಿ ಹೊಗೆ ಪೆಟ್ಟಿಗೆಯ ಅಂಚು ದಾಟಿ, ಇನ್ನೂ ಹಲೋ ಹಲೋ ಎನ್ನುತ್ತಿದ್ದ ಫೋನನ್ನು ಬಳಸಿಕೊಂಡು, ಮೇಜಿನಿಂದ ನೆಲಕ್ಕೆ ಇಳಿಯುತ್ತಿತ್ತು.