ಮೈಲವ್ವ ಬೀಜದ ಚೀಲವಲ್ಲ

ನಮ್ಮ ಬ್ಯಾಡಗಿಯಲ್ಲಿ ಒಬ್ಬರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಮೂರನೇ ಓಣಿಯವರು ನೀರು ಕುಡಿಯುತ್ತಾರೆ. ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ. ನಾನು ಮಾಸುಮಬಿ, ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತೇನೆ. ಓಣಿಯ ಹೆಂಗಸರ ಅಳತೆಯೆಲ್ಲ ನನಗೆ ಗೊತ್ತು. ಒಬ್ಬಳದನ್ನು ಇನ್ನೊಬ್ಬಳಿಗೆ ಇಂದಿನವರೆಗೆ ಹೇಳಿಲ್ಲ. ಹೇಳಿದ್ದರೆ ನನ್ನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಸೊಂಟದ ಅಳತೆಗೇ ಇಷ್ಟು ಮರ್ಯಾದೆ ಇರುವಾಗ ರಕ್ತದ ಒಳಗಿನ ಸಂಗತಿಗೆ ಇರಬೇಡವೇ? ಈ ಒಂದು ಮಾತನ್ನು ಜನರ ತಲೆಗೆ ಹಾಕುವಷ್ಟರಲ್ಲಿ ನನ್ನ ಗಂಟಲು ಹರಿದು ಹೋಯಿತು.

ಇದು ಹಾವೇರಿ ಹೊಸ ಜಿಲ್ಲೆಯಾದ ವರ್ಷದ ಸಂಗತಿ. ನಮ್ಮ ಪಕ್ಕದ ಮನೆಯ ಲಕ್ಷ್ಮಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ. ಹೆಂಡತಿ ಮರಿಯವ್ವ, ಮಗಳು ಮೈಲವ್ವ, ಮಗ ಡಾಕಪ್ಪ. ಈ ಡಾಕಪ್ಪನಿಗೆ ಹುಟ್ಟಿದಾಗಿನಿಂದ ಒಂದು ಕಾಟ. ಚೂರು ಏಟು ಬಿದ್ದರೂ ಮೊಣಕಾಲು ಬಾತುಕೊಳ್ಳುತ್ತಿತ್ತು. ಹಲ್ಲು ಬಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ನಾನು ಬಾಯಿ ಬಡಿದುಕೊಂಡೆ. ಕೊನೆಗೆ ಹುಬ್ಬಳ್ಳಿಗೆ ಹೋದರು. ಅಲ್ಲಿನ ಡಾಕ್ಟರು ಇದಕ್ಕೆ ಹಿಮೋಫಿಲಿಯಾ ಎನ್ನುತ್ತಾರೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ ಎಂದರು. ಇದು ಅಂಟು ರೋಗವಲ್ಲ, ತಾಯಿಯಿಂದ ಮಗನಿಗೆ ಇಳಿದು ಬಂದದ್ದು. ಮರಿಯವ್ವನ ಅಣ್ಣನೂ ಚಿಕ್ಕವನಿದ್ದಾಗ ಹೀಗೇ ರಕ್ತ ಹೋಗಿ ತೀರಿಕೊಂಡಿದ್ದ.

ಡಾಕ್ಟರು ಇನ್ನೂ ಒಂದು ಮಾತು ಹೇಳಿದ್ದರು. ಅಕ್ಕ ಮೈಲವ್ವ ಗಟ್ಟಿಮುಟ್ಟಾಗಿದ್ದರೂ ಈ ಕಾಯಿಲೆಯ ಗುಣ ಅವಳಲ್ಲಿ ಅಡಗಿ ಕುಳಿತಿರಬಹುದು, ಇಲ್ಲದೆಯೂ ಇರಬಹುದು. ಈಗ ದೊಡ್ಡ ಊರುಗಳಲ್ಲಿ ಡಿಎನ್ಎ ಪರೀಕ್ಷೆ ಬಂದಿದೆ, ಬೇಕಾದರೆ ಅದರಿಂದ ತಿಳಿಯಬಹುದು ಎಂದಿದ್ದರು.

ಪಾಪ, ಮರಿಯವ್ವ ಸಂಕಟ ತಡೆಯಲಾರದೆ ಇದನ್ನು ನಳದ ಹತ್ತಿರ ಹೇಳಿದಳು. ಅವಳ ಕೊಡ ತುಂಬುವುದರೊಳಗೆ ಸುದ್ದಿ ಊರ ಬಾಗಿಲು ಅಗಸಿಯನ್ನು ದಾಟಿತ್ತು. ಅಲ್ಲಿಂದ ಬಸ್ಸು ಹತ್ತಿ ಮೇಡ್ಲೇರಿಗೂ ಹೋಯಿತು. ಮೈಲವ್ವನ ನಿಶ್ಚಯ ಕಾರ್ಯ ಆಗಿದ್ದದ್ದು ಮೇಡ್ಲೇರಿಯ ಹೇಮಪ್ಪನ ಮಗ ಗುಡ್ಡಪ್ಪನ ಜೊತೆಗೆ.

ಹೇಮಪ್ಪ ಹೊಳೆ ನೀರಿನ ಜಮೀನಿನಲ್ಲಿ ಹೈಬ್ರಿಡ್ ಹತ್ತಿ ಬೀಜ ಬೆಳೆದು ಕಂಪನಿಗೆ ಕೊಡುವವನು. ಹೊಲದಲ್ಲಿ ಗಂಡು ಸಾಲು, ಹೆಣ್ಣು ಸಾಲು ಎಂದು ಬೇರೆ ಬೇರೆ ಹಚ್ಚಿ, ಆಳುಗಳಿಂದ ಹೂವು ಹೂವಿಗೂ ಪರಾಗ ಮುಟ್ಟಿಸುವ ಕ್ರಾಸಿಂಗ್ ಮಾಡಿಸುತ್ತಾನೆ. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಆದರೆ ಹೊಲದ ಲೆಕ್ಕವನ್ನು ಮನುಷ್ಯರಿಗೂ ಹಚ್ಚಲು ಹೊರಟ. ನಾನು ಮದುವೆಯ ಜಂಪರಿನ ಅಳತೆ ತೆಗೆಯಲು ಲಕ್ಷ್ಮಪ್ಪನ ಮನೆಗೆ ಹೋಗಿದ್ದಾಗಲೇ ಬಂದು ಕುಳಿತ.

"ಲಕ್ಷ್ಮಪ್ಪ, ಬ್ಯಾಸರ ಮಾಡ್ಕೋಬ್ಯಾಡ. ನನ್ನ ಹೊಲದ ಬೀಜಾನ ಕಂಪನಿಯವ್ರು ಸುಮ್ಮನ ತಗೊಳ್ಳೂದಿಲ್ಲ. ಟೆಸ್ಟ್ ಮಾಡ್ತಾರ. ಪಾಸಾದ್ರ ತಗೋತಾರ, ಫೇಲಾದ್ರ ಚೀಲ ವಾಪಸ್. ಈಗ ರಕ್ತದಾಗೂ ಅಂಥಾ ಟೆಸ್ಟ್ ಬಂದೈತಂತ. ಹುಡುಗೀದು ಮಾಡಿಸಿ ಪಾಸ್ ಅಂತ ಒಂದು ಚೀಟಿ ತಂದು ಕೊಡು. ನಾಕ ಮಂದಿ ಮುಂದ ಓದಿಸಿ ಬಿಡೂಣು. ಆಡಿಕೊಳ್ಳೋರ ಬಾಯಿ ಮುಚ್ಚಿ ಹೋಕ್ಕಾವು."

ನಾನು ಟೇಪು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಲಕ್ಷ್ಮಪ್ಪ ಎದ್ದು ಬೈಯುತ್ತಾನೆ ಎಂದುಕೊಂಡರೆ, ಪುಣ್ಯಾತ್ಮ ತಲೆ ಅಲ್ಲಾಡಿಸಿದ.

"ಅದಕ್ಕೇನ್ರಿ ಬೀಗರ, ಮಾಡಸೂಣು. ನಮ್ಮ ಮನ್ಯಾಗ ಮುಚ್ಚಿಡುವಂಥಾದ್ದು ಏನೈತಿ?"

ಮೈಲವ್ವ ಚಹಾ ತಂದು ಇಟ್ಟಳು. ಅವಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೇಮಪ್ಪ ಹೋದ ಕೂಡಲೇ ನಾನು ಲಕ್ಷ್ಮಪ್ಪನನ್ನು ಹಿಡಿದುಕೊಂಡೆ.

"ಲಕ್ಷ್ಮಪ್ಪಣ್ಣ, ನಿನಗೇನ ತಲಿ ಕೆಟ್ಟೈತಿ? ಮಗಳ ರಕ್ತದ ಸುದ್ದಿ ಊರ ಮುಂದ ಓದಸ್ತೀಯಾ?"

"ಖರೇ ಇದ್ದವ್ರಿಗೆ ಅಂಜಿಕಿ ಯಾಕ ಮಾಸುಮಬಿ? ಪಾಸಾಗೇ ಆಕ್ಕಾಳ."

"ಆಗಲಿಲ್ಲಂದ್ರ?"

"ಹಂಗ್ಯಾಕ ಅಪಶಕುನ ನುಡೀತಿ?"

"ಆಕೀನರ ಕೇಳೀಯೇನು?"

"ಆಕೀನ ಏನ ಕೇಳೂದು? ನಾ ಅಪ್ಪ ಅದೇನಿ."

ಗೋಡೆಗೆ ಹೇಳಿದ್ದರೂ ಇಷ್ಟು ಹೊತ್ತಿಗೆ ಕೇಳುತ್ತಿತ್ತು. ಮೈಲವ್ವ ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಚಿಗವ್ವ, ಅವ್ರು ಫೇಲಂದ್ರ ನಾ ಎಲ್ಲಿ ಹೋಗ್ಲಿ? ಆಮ್ಯಾಲೆ ಯಾರ್ ಬರ್ತಾರ ನನ್ನ ಕೇಳಾಕ?" ಎಂದು ನನ್ನ ಕೈ ಹಿಡಿದಳು. ಮರುದಿನವೇ ಗಂಡ, ಹೆಂಡತಿ, ಮಗಳು ಮೂವರನ್ನೂ ರೈಲು ಹತ್ತಿಸಿ ರಾಣೆಬೆನ್ನೂರಿನ ಡಾಕ್ಟರ್ ಶಾಬುದ್ದೀನರ ಹತ್ತಿರ ಕರೆದೊಯ್ದೆ. ಡಾಕಪ್ಪನ ಕಾಲು ಬಾತಾಗ ನೋಡುತ್ತಿದ್ದವರು ಅವರೇ.

ಲಕ್ಷ್ಮಪ್ಪ ಕುಳಿತುಕೊಳ್ಳುವ ಮೊದಲೇ ಶುರು ಮಾಡಿದ. "ಸಾಹೇಬ್ರ, ಮಗಳದು ಒಂದು ಟೆಸ್ಟ್ ಮಾಡಿಸಿ ಪಾಸ್ ಅಂತ ಬರದ ಕೊಡ್ರಿ."

ಡಾಕ್ಟರು ಅವನ ಕಡೆ ನೋಡಲೇ ಇಲ್ಲ. "ಮೈಲವ್ವ, ರಕ್ತ ನಿಂದು. ನಿನಗ ತಿಳ್ಕೋಬೇಕಂತ ಐತೇನವಾ?" ಎಂದರು.

ಅವಳು ಅಪ್ಪನ ಮುಖ ನೋಡಿದಳು.

"ಅಪ್ಪನ ಮಾರಿ ನೋಡಬ್ಯಾಡ, ನೀನ ಹೇಳು."

ಅವಳು ಡಾಕ್ಟರ ಕಡೆ ತಿರುಗಿ ಕೇಳಿದಳು. "ತಿಳ್ಕೊಂಡ್ರ ನನಗೇನ ಉಪಯೋಗ ಆಕ್ಕೈತ್ರಿ?"

ಅಷ್ಟು ಜನ ಅಷ್ಟು ದಿನ ಬಾಯಿಗೆ ಬಂದಂತೆ ಮಾತಾಡಿದ್ದರಲ್ಲ, ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ತಿಳಿಸಿದರು.

"ನೋಡವಾ, ನಮ್ಮ ಮೈ ಹೆಂಗಿರಬೇಕು ಅನ್ನೂದು ಡಿಎನ್ಎದಾಗ ಇರತೈತಿ. ಅರ್ಧ ಅಪ್ಪಂದು, ಅರ್ಧ ಅವ್ವಂದು. ಆ ಗುಣ ನಿನ್ನಾಗ ಇದ್ರೂ ಅದು ರೋಗ ಅಲ್ಲ. ಭಾಳ ಹೆಣ್ಮಕ್ಕಳಿಗೆ ಏನೂ ತ್ರಾಸ ಇರೂದಿಲ್ಲ, ಕೆಲವರಿಗೆ ರಕ್ತ ಸ್ವಲ್ಪ ಹೆಚ್ಚು ಹೋಕ್ಕೈತಿ. ಮುಂದ ಹುಟ್ಟೂ ಗಂಡು ಕೂಸಿಗೆ ಬರಬಹುದು, ಬರದನೂ ಇರಬಹುದು. ಮೊದಲ ಗೊತ್ತಿದ್ರ ಹೆರಿಗಿ ದೊಡ್ಡ ಆಸ್ಪತ್ರ್ಯಾಗ ಮಾಡಿಸಬಹುದು, ಕೂಸಿಗೆ ಸೂಜಿ ಚುಚ್ಚೂ ಮುಂದ ಹುಷಾರಿರಬಹುದು. ಉಪಯೋಗ ಅಂದ್ರ ಇದು. ಊರ ಮುಂದ ಓದಾಕಲ್ಲ."

"ಮತ್ತ ಪಾಸೋ ಫೇಲೋ?" ಲಕ್ಷ್ಮಪ್ಪನ ಗಾಡಿ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

"ಇದರಾಗ ಪಾಸು ಫೇಲು ಇಲ್ಲೋ ಮಾರಾಯ! ನಿಂದು, ನಂದು ಪೂರ್ತಿ ಜಾಲಾಡಿದ್ರ ಒಂದಲ್ಲ ಒಂದು ಸಿಕ್ಕ ಸಿಗತೈತಿ. ಯಾರೂ ಹುಡುಕಿಲ್ಲ, ಅದಕ್ಕ ಚಂದ ಕುಂತೇವಿ."

ಇದನ್ನು ಕೇಳಿ ಮರಿಯವ್ವ ಬಿಕ್ಕಿದಳು. "ಎಲ್ಲಾ ನನ್ನ ರಕ್ತದಿಂದ ಆತ್ರಿ."

"ನೀನೇನು ಅಂಗಡ್ಯಾಗ ಆರಿಸಿ ತಂದೀಯೇನು ತಾಯಿ? ಇದರಾಗ ಯಾರ ತಪ್ಪೂ ಇಲ್ಲ" ಎಂದು ಡಾಕ್ಟರು ಲಕ್ಷ್ಮಪ್ಪನ ಕಡೆ ತಿರುಗಿದರು. "ಈ ಟೆಸ್ಟಿಗೆ ಮೈಲವ್ವಂದಷ್ಟ ಸಾಲೂದಿಲ್ಲ, ತಾಯಿದು, ತಮ್ಮಂದೂ ರಕ್ತ ಬೇಕು. ಅಂದ್ರ ಏನಾತು? ಒಬ್ಬಾಕೀದು ಬೈಲಿಗೆ ಬಂತಂದ್ರ ಬಳಗದವರದೆಲ್ಲಾ ಬಂದಂಗ. ನಿನ್ನ ಹೆಂಡ್ತಿಗೆ ಅಕ್ಕ ತಂಗೇರು ಅದಾರೇನು?"

"ಒಬ್ಬಾಕಿ ತಂಗಿ ಅದಾಳ್ರಿ. ಉಡಚವ್ವ. ದೇವರಗುಡ್ಡಕ್ಕ ಕೊಟ್ಟೇವಿ."

"ಆಕಿಗೆ ಹೆಣ್ಮಕ್ಕಳು?"

"ಇಬ್ರು…" ಎಂದವನು ಅಲ್ಲಿಗೇ ನಿಂತ. ಆ ಇಬ್ಬರಿಗೂ ಗಂಡು ಹುಡುಕುತ್ತಿದ್ದರು. ಲಕ್ಷ್ಮಪ್ಪನೇ ಓಡಾಡುತ್ತಿದ್ದ.

"ನೀ ಇಲ್ಲಿ ಚೀಟಿ ಓದಿಸಿದ್ರ ಅಲ್ಲಿ ಆ ಹುಡುಗೇರನ್ನ ಯಾರೂ ಕೇಳಾಕ ಬರೂದಿಲ್ಲ. ಅವ್ರು ನಿನಗ ಒಪ್ಪಿಗಿ ಕೊಟ್ಟಾರೇನು?"

ಲಕ್ಷ್ಮಪ್ಪ ಬೆಂಚಿನ ಮೇಲೆ ಕುಸಿದು ಕುಳಿತ. ಚೀಲ ಹೊತ್ತು ಹೊತ್ತು ಗಟ್ಟಿಯಾದ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡ. ನಾನು ಇಷ್ಟು ದಿನ ಕೂಗಿದ್ದು ಹೋಗದ ತಲೆಗೆ ಅಂತೂ ಏನೋ ಹೋಯಿತು. ಆಮೇಲೆ ಮಗಳ ಕಡೆ ತಿರುಗಿ ಹೇಳಿದ. "ಮೈಲವ್ವ, ಮಾಡಿಸ್ತಿಯೋ ಬಿಡ್ತಿಯೋ, ನಿನ್ನ ಮನಸ್ಸು. ನಾ ಏನೂ ಕೇಳೂದಿಲ್ಲ."

ಮೈಲವ್ವ ಮಾಡಿಸಿದಳು. ಅವ್ವ, ತಮ್ಮ ಇಬ್ಬರನ್ನೂ ಕೇಳಿ, ಅವರು ಹೂಂ ಎಂದ ಮೇಲೆಯೇ ಮೂವರ ರಕ್ತ ದೊಡ್ಡ ಊರಿಗೆ ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದ ದಿನ ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಒಳಗೆ ಕರೆದು ಬಾಯಿಮಾತಿನಲ್ಲಿ ಹೇಳಿದರು. ಹೊರಗೆ ಬಂದವಳು, "ನಡೀರಿ, ಗಾಡಿ ಹೊತ್ತಾತು" ಎಂದಳು, ಅಷ್ಟೇ.

ಮುಂದಿನ ವಾರ ನಾನು ಹೊಲಿದ ಜಂಪರ್ ಕೊಡಲು ಹೋಗಿದ್ದಾಗ ಹೇಮಪ್ಪ ಮಗನನ್ನೂ ಕರೆದುಕೊಂಡು ಬಂದ. "ಎಲ್ಲೈತಿ ಚೀಟಿ?"

"ಚೀಟಿ ಇಲ್ರಿ ಬೀಗರ" ಎಂದ ಲಕ್ಷ್ಮಪ್ಪ. "ಅದು ನನ್ನ ಮಗಳ ಸ್ವಂತದ್ದು."

"ಅಂದ್ರ ಫೇಲ್ ಅನ್ನು!"

ಆಗ ಮೈಲವ್ವ ಅಡುಗೆ ಮನೆಯಿಂದ ಹೊರಗೆ ಬಂದಳು. "ಮಾವಾರ, ನಿಮ್ಮ ಬೀಜದ ಹೊಲದಾಗ ಹೆಣ್ಣು ಸಾಲು ಅಷ್ಟ ಚೊಕ್ಕ ಇದ್ರ ನಡೀತೈತೇನ್ರಿ? ಗಂಡು ಸಾಲು ಹೆಂಗಿದ್ರೂ ಕಂಪನಿಯವ್ರು ತಗೋತಾರ?"

"ಎಲ್ಲಿ ತಗೋತಾರ? ಎರಡೂ ಚೊಕ್ಕ ಇರಬೇಕು" ಎಂದ ಹೇಮಪ್ಪ, ಬೀಜದ ಮಾತು ಬಂದ ಹುರುಪಿನಲ್ಲಿ. ಹೇಳಿದ ಮೇಲೆ ಬಾಯಿ ಕಚ್ಚಿಕೊಂಡ.

"ಮತ್ತ ಇವರದೂ ಮಾಡಸ್ರಿ" ಎಂದು ಮೈಲವ್ವ ಗುಡ್ಡಪ್ಪನ ಕಡೆ ಕೈ ತೋರಿಸಿದಳು. " ನಿಮ್ಮದೂ, ಅತ್ತಿಯಾರದೂ ಮಾಡಸ್ರಿ. ಎಲ್ಲಾರದೂ ಅಗಸ್ಯಾಗ ನಿಂತು ಓದಸೂಣು."

"ನಮ್ಮದ್ಯಾಕ? ನಮಗೇನಾಗೈತಿ?" ಹೇಮಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಬಂತು.

"ನನಗೂ ಏನಾಗಿಲ್ರಿ" ಎಂದಳು ಮೈಲವ್ವ. "ನನ್ನ ಲಗ್ನಾ ಆಗೋರಿಗೆ ತಿಳೀಬೇಕಂದ್ರ ಅವ್ರಿಗೆ ಹೇಳ್ತೇನಿ. ಊರಿಗೆ ಹೇಳೂದಿಲ್ಲ."

ಗುಡ್ಡಪ್ಪ ಅಷ್ಟು ಹೊತ್ತೂ ನೆಲ ನೋಡುತ್ತ ಕುಳಿತಿದ್ದವನು ಎದ್ದು ಹಿತ್ತಲಿಗೆ ಹೋದ. ಮೈಲವ್ವನೂ ಹಿಂದೆ ಹೋದಳು. ಇಬ್ಬರೂ ರುಬ್ಬುವ ಒಳಕಲ್ಲಿನ ಹತ್ತಿರ ನಿಂತು ಮಾತಾಡಿದರು. ನಾನು ಹಿತ್ತಲ ಕಡೆಯ ಕಿಟಕಿ ಮುಚ್ಚಿದೆ. ಮರಿಯವ್ವ ಕಣ್ಣು ಮುಚ್ಚಿ ಕೈ ಮುಗಿದು ಕುಳಿತಿದ್ದಳು. ಹೇಮಪ್ಪ ಕುತ್ತಿಗೆ ಉದ್ದ ಮಾಡಿ ಕಿವಿ ಕೊಡುತ್ತಿದ್ದ, ಅವನಿಗೇನು ಹೇಳುವುದು!

ಗುಡ್ಡಪ್ಪ ತಿರುಗಿ ಬಂದು ಟವೆಲು ಹೆಗಲಿಗೆ ಹಾಕಿಕೊಂಡ. "ಅಪ್ಪ, ಲಗ್ನದ ತಾರೀಖು ಬದಲಿಲ್ಲ. ನಡಿ."

"ಏನಂದ್ಲೋ? ಐತಂತೋ ಇಲ್ಲಂತೋ?"

"ಅದು ನಮ್ಮಿಬ್ಬರ ಮಾತು."

"ನಾ ಅಪ್ಪ ಅದೇನಿ!"

"ಹೌದು, ಅಪ್ಪ ಅದಿ. ಕಂಪನಿ ಅಲ್ಲ."

ಹೇಮಪ್ಪ ಬಸ್ ಸ್ಟ್ಯಾಂಡಿನವರೆಗೂ ಗೊಣಗಿಕೊಂಡೇ ಹೋದನಂತೆ. ಆದರೆ ಚೀಟಿಯ ಮಾತು ಮತ್ತೆ ಎತ್ತಲಿಲ್ಲ. ಲಗ್ನದ ದಿನ ಯಾರೋ ಕೇಳಿದ್ದಕ್ಕೆ, "ನಮ್ಮ ಮನಿ ಸೊಸೀದು ನಿಮಗ್ಯಾಕ?" ಎಂದು ಅವನೇ ಹಾರಿ ಬಿದ್ದ. ಬುದ್ಧಿ ತಡವಾಗಿ ಬಂದರೂ ಬಂತಲ್ಲ ಎಂದು ನಾನು ಸುಮ್ಮನಾದೆ.

ಇದಾಗಿ ಎರಡು ವರ್ಷವಾಯಿತು. ದೇವರಗುಡ್ಡದ ಉಡಚವ್ವನ ಹೆಣ್ಣುಮಕ್ಕಳೂ ಗಂಡನ ಮನೆ ಸೇರಿದ್ದಾರೆ. ಹೋದ ವಾರ ಮೈಲವ್ವ ಕೂಸನ್ನು ಎತ್ತಿಕೊಂಡು ಜಂಪರ್ ಹೊಲಿಸಲು ಬಂದಿದ್ದಳು. ಅವಳ ಒಪ್ಪಿಗೆ ಕೇಳಿಕೊಂಡೇ ನಮ್ಮ ಹೆಂಗಸರ ಸಂಘದಲ್ಲಿ ಈ ಕಥೆ ಹೇಳುತ್ತೇನೆ. ಹೇಳಿದಾಗಲೆಲ್ಲ ಕೊನೆಗೆ ಒಬ್ಬಳಾದರೂ ಕೈ ಎತ್ತುತ್ತಾಳೆ: "ಹಂಗಾದ್ರ ಟೆಸ್ಟಿನ್ಯಾಗ ಏನ ಬಂದಿತ್ತು ಮಾಸುಮಬಿ?" ಇಷ್ಟು ಹೊತ್ತು ನಾನು ಏನು ಹೇಳಿದೆ, ಇವರು ಏನು ಕೇಳಿದರು! ಹಣೆ ಹಣೆ ಬಡಿದುಕೊಳ್ಳಬೇಕು ಎನಿಸುತ್ತದೆ.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮಗೂ ಅದೇ ಪ್ರಶ್ನೆ ಬಂದಿದೆ, ಸುಳ್ಳು ಹೇಳಬೇಡಿ. ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ, ಬೇಕೆನಿಸಿದರೆ ಪರೀಕ್ಷೆ ಮಾಡಿಸಿಕೊಳ್ಳಿ, ಹೆದರಬೇಡಿ. ಆದರೆ ಯಾರ ರಕ್ತವೋ ಅವರನ್ನು ಮೊದಲು ಕೇಳಿ, ಬಂದ ಉತ್ತರವನ್ನು ಅವರಿಗೇ ಬಿಡಿ. ಪಕ್ಕದ ಮನೆಯ ಹುಡುಗಿಯದು ಏನಾಯಿತಂತೆ ಎಂದು ನಾಳೆ ನಳದ ಹತ್ತಿರ ಯಾರಾದರೂ ಕೇಳಿದರೆ, ಕೊಡ ತುಂಬಿಸಿಕೊಂಡು ಸುಮ್ಮನೆ ಮನೆಗೆ ಬನ್ನಿ.

ಮೈಲವ್ವನ ಪರೀಕ್ಷೆಯಲ್ಲಿ ಏನು ಬಂದಿತ್ತು ಎಂಬುದು ನನಗೆ ಗೊತ್ತಿಲ್ಲ. ಅವಳು ಹೇಳಿಲ್ಲ, ನಾನು ಕೇಳಿಲ್ಲ. ಕೂಸು ಗಂಡೋ ಹೆಣ್ಣೋ ಎಂಬುದು ಮಾತ್ರ ಗೊತ್ತು, ಅದನ್ನೂ ನಿಮಗೆ ಹೇಳುವುದಿಲ್ಲ.