ಫೌಜದಾರ ಟಗರಿನ ರೀಲ್

ಗುರಪ್ಪನ ಟಗರನ್ನು ಕೊಳ್ಳುವವರು ಸಿಕ್ಕಿರಲಿಲ್ಲ ಅಂತಲ್ಲ, ಗುರಪ್ಪನಿಗೆ ಒಪ್ಪಿಗೆಯಾಗುವವರು ಸಿಕ್ಕಿರಲಿಲ್ಲ. ಕೆರೂರಿನ ಸಂತೆಯಲ್ಲಿ ದಲಾಲರು ಅದರ ಬೆನ್ನು ಹಿಚುಕಿ ನೋಡಿ ಮೂಗು ಮುರಿದು ಕಡಿಮೆ ಬೆಲೆ ಕಟ್ಟುತ್ತಿದ್ದರು. ಅವನು ಹಟಕ್ಕೆ ಬಿದ್ದು ಅದನ್ನು ಮತ್ತೆ ಮನೆಗೆ ಹೊಡೆದುಕೊಂಡು ಬರುತ್ತಿದ್ದ. ಇದನ್ನು ನೋಡಿ ನೋಡಿ ಸಾಕಾದ ಸೊಸೆ ಸವಿತಾ, ದಲಾಲರ ಗೊಡವೆಯೇ ಬೇಡ, ರೀಲ್ ಮಾಡಿ ಹಾಕಿದರೆ ಗಿರಾಕಿ ತಾನೇ ಹಟ್ಟಿಗೆ ಬರುತ್ತಾನೆ ಎಂದು ಲೆಕ್ಕ ಹಾಕಿದಳು.

ಮೊದಲ ರೀಲ್‌ನಲ್ಲಿ ಟಗರು ನಿಂತಿತ್ತು, ಮಾವ ಅದರ ಪಕ್ಕದಲ್ಲಿ ಇನ್ನೂ ಬಿಗಿಯಾಗಿ ನಿಂತಿದ್ದ. ಅವಳ ತವರಿನವರನ್ನು ಬಿಟ್ಟರೆ ಯಾರೂ ನೋಡಲಿಲ್ಲ. ಆಗ ಸವಿತಾ ಫೋನಿನ ಎಐಗೆ, ಜನ ನಿಂತು ನೋಡುವಂಥ ಮಾತು ಬರೆದುಕೊಡು ಎಂದು ಕೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬರೆದುಕೊಟ್ಟಿತು. ಅದನ್ನು ಓದಲು ಮಾವನಿಗೆ ಹೇಳಿದಳು.

"ನಮಸ್ಕಾರ ಸ್ನೇಹಿತರೇ, ನೀವು ಉತ್ತಮ ಗುಣಮಟ್ಟದ ಟಗರಿನ ಹುಡುಕಾಟದಲ್ಲಿ..." ಎನ್ನುವಷ್ಟರಲ್ಲಿ ಗುರಪ್ಪನ ನಾಲಿಗೆ ತೊಡರಿತು. "ಯವ್ವಾ ಸವಿತಾ, ಇದು ಬ್ಯಾಂಕಿನಾಗ ಮಾತಾಡಿದಂಗ ಐತಿ. ನನ್ನ ಕೈಲೆ ಆಗಂಗಿಲ್ಲ."

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಪದ್ಮವ್ವ ನಕ್ಕಳು. "ನಿಮಗಿಂತ ಆ ಟಗರ ಮಾತಾಡಿದ್ರ ಛಲೋ ಆಕ್ಕಿತ್ತು ನೋಡ್ರಿ."

ಸವಿತಾಳಿಗೆ ಅಷ್ಟೇ ಸಾಕಾಯಿತು. ಟಗರೇ ಮಾತಾಡಬೇಕು, ನಮ್ಮ ಕಡೆಯ ಮಾತೇ ಇರಬೇಕು, ಅದಕ್ಕೆ ಭಾಳ ಸೊಕ್ಕು, ಆದರೆ ಅತ್ತೆಯ ಕಸಬರಿಗೆ ಕಂಡರೆ ಹೆದರಿ ಸಾಯುತ್ತದೆ ಎಂದು ಎಐಗೆ ಬಿಡಿಸಿ ಬರೆದಳು. ಹೆಸರು ಫೌಜದಾರ ಎಂದಿಟ್ಟಳು. ಬಂದದ್ದರಲ್ಲಿ ಅರ್ಧ ಮಾತು ಅವಳೇ ತಿದ್ದಬೇಕಾಯಿತು. ಆದರೆ ಎಐ ಹೇಳಿದ ಎರಡು ಉಪಾಯ ಅವಳಿಗೆ ಹಿಡಿಸಿದವು: ಮೊದಲ ಮಾತಿಗೇ ನೋಡುವವರ ಬೆರಳು ನಿಲ್ಲಬೇಕು, ಕತೆ ನಡುವೆಯೇ ಕಡಿಯಬೇಕು.

ಸವಿತಾ ಫೋನ್ ಹಿಡಿದಾಗ ಟಗರು ಮೆಲುಕು ಹಾಕುತ್ತಿತ್ತು. ಜೋಳದ ಕಣಿಕೆಯ ಬಣವೆಯ ಹಿಂದಿನಿಂದ ಗುರಪ್ಪ ತನ್ನ ಗೊಗ್ಗರು ದನಿ ಬಿಟ್ಟ:

"ಏ, ಸರಿಸಬ್ಯಾಡ, ಬೆರಳ ತಗಿ! ಫೌಜದಾರ ಮಾತಾಡಾಕತ್ತೇನಿ. ಸಂತ್ಯಾಗ ನನ್ನ ಬೆನ್ನ ಹಿಚುಕಿದವ್ರ ಮಾರಿ ಎಲ್ಲಾ ನೆನಪ ಐತಿ. ಒಬ್ರನ್ನೂ ಬಿಡಂಗಿಲ್ಲ... ಅಯ್ಯಯ್ಯೋ, ಪದ್ಮವ್ವ ಬಂದ್ಲು!"

ರೀಲ್ ಓಡಿತು. ಬಾದಾಮಿ, ಇಳಕಲ್ ಎನ್ನದೆ ಜನ ಅದನ್ನು ಒಬ್ಬರಿಗೊಬ್ಬರು ಕಳಿಸಿದರು. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಗುರಪ್ಪ ಮುಂಜಾನೆ ಚಹಾಕ್ಕಿಂತ ಮೊದಲು "ಇವತ್ತ ಏನ ಮಾತಾಡೂದು?" ಎಂದು ಸೊಸೆಯನ್ನು ಕೇಳುವಂತಾದ.

ಕೊನೆಗೆ ಗಿರಾಕಿಯೂ ಬಂದ. ಹುನಗುಂದದ ಹಣಮೇಶ, ಮಗನ ಕೂದಲು ತೆಗೆಸುವ ಜವಳದ ಊಟಕ್ಕೆ ಟಗರು ಬೇಕೆಂದು ಟೆಂಪೊ ತಂದಿದ್ದ. ಜೊತೆಗೆ ಪುಟ್ಟ ಮಗಳೂ ಇದ್ದಳು. ಅವಳು ಇಳಿದವಳೇ ಓಡಿದಳು.

"ಅಪ್ಪಾ, ಫೌಜದಾರ! ಏ ಫೌಜದಾರ, ಮಾತಾಡೋ!"

ಟಗರು ಸುಮ್ಮನೆ ಮೆಲುಕು ಹಾಕಿತು. ಹುಡುಗಿಯ ಮುಖ ಸಣ್ಣದಾಯಿತು. ಗುರಪ್ಪನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಬಣವೆಯ ಹಿಂದೆ ಸರಿದು, "ಏನವಾ, ಊಟ ಆತೇನು?" ಎಂದುಬಿಟ್ಟ. ಹುಡುಗಿ ಕೇಕೆ ಹಾಕಿ ಟಗರಿನ ಕೊರಳಿಗೆ ಜೋತುಬಿದ್ದಳು. ಮನೆಗೆ ಒಯ್ದು ತನ್ನ ಹಾಸಿಗೆಯ ಹತ್ತಿರ ಮಲಗಿಸುತ್ತೇನೆಂದು ಅದಕ್ಕೆ ಮಾತೂ ಕೊಟ್ಟಳು.

ಹಣಮೇಶ ತಲೆ ಕೆರೆದುಕೊಂಡು ಸವಿತಾಳ ಹತ್ತಿರ ಬಂದ. "ಅಕ್ಕಾರ, ಇದನ್ನ ಹೆಂಗ ಕಡಿಯೂದ್ರಿ? ರೀಲಿನಾಗ ಬರಲಾರದ್ದು ಯಾವದರ ಟಗರ ಐತೇನ್ರಿ?"

ಇತ್ತು. ಅದನ್ನೇ ಒಯ್ದ.

ಆ ಸಂಜೆ ಸವಿತಾ ಯೋಚಿಸಿದಳು. ಫೌಜದಾರನನ್ನು ಎಂದಾದರೂ ಮಾರಲೇಬೇಕಲ್ಲ. ಎಐಗೆ ಬೀಳ್ಕೊಡುಗೆಯ ಮಾತು ಬರೆಯಲು ಹೇಳಿದಳು. ಅದು ಕರುಳು ಹಿಂಡುವಂತೆ ಬರೆದು, ಇನ್ನೂ ಸ್ವಲ್ಪ ದುಃಖ ಸೇರಿಸಲೇ ಎಂದೂ ಕೇಳಿತು. ಗುರಪ್ಪ ಓದಲು ಶುರುಮಾಡಿ, "ಹೋಗಿ ಬರ್ತೇನಿ, ನನ್ನ ಮರೀಬ್ಯಾಡ್ರಿ" ಎನ್ನುವಲ್ಲಿ ನಿಂತ. ಫೋನನ್ನು ಸೊಸೆಯ ಕೈಗಿಟ್ಟ.

"ಅಳಸಿ ಹಾಕವಾ. ಇವ ಎಲ್ಲಿಗೂ ಹೋಗಂಗಿಲ್ಲ."

"ನಂಗೂ ಅದ ಬೇಕಿತ್ತ ಬಿಡ್ರಿ ಮಾವಾರ," ಎಂದಳು ಸವಿತಾ. ಹೇಳಿದ ಮೇಲೆಯೇ ಅವಳ ಎದೆ ಹಗುರಾದದ್ದು.

ಅಲ್ಲಿಂದ ಕತೆಯ ದಿಕ್ಕು ತಿರುಗಿತು. ಫೌಜದಾರ ಈಗ ಹಟ್ಟಿಯ ಸಾಹೇಬ. ಅವನನ್ನು ನೋಡಲು ಬಂದವರು ಬೇರೆ ಕುರಿ, ಮರಿ ಕೊಂಡು ಹೋಗುತ್ತಾರೆ. ಎಐ ಮಾತ್ರ ಪ್ರತಿ ಸಲ ಆ ಮರಿಗಳಿಗೂ ಒಂದೊಂದು ಮುದ್ದಾದ ಹೆಸರಿಟ್ಟು ಕೊಡುತ್ತದೆ. ಸವಿತಾ ಮೊದಲು ಆ ಹೆಸರನ್ನೇ ಅಳಿಸುತ್ತಾಳೆ.

ಮೊನ್ನೆ ಬಾಗಲಕೋಟೆಯಿಂದ ಯಾರೋ ಫೋನ್ ಮಾಡಿದರು. "ಫೌಜದಾರ ಸಾಹೇಬ್ರು ಅದಾರೇನ್ರಿ?"

ಸವಿತಾ ನಗು ತಡೆದುಕೊಂಡು ಮಾವನ ಕಡೆ ಫೋನ್ ಚಾಚಿದಳು. ಗುರಪ್ಪ ಗಂಟಲು ಸರಿಮಾಡಿಕೊಂಡ, ರುಮಾಲು ನೆಟ್ಟಗೆ ಮಾಡಿಕೊಂಡ.

"ಹೂಂ, ಮಾತಾಡಾಕತ್ತೇನಿ. ಲಗೂನ ಹೇಳು."