ಕೋಳಿ ಕೂಗೋ ಹೊತ್ತಿನ ಸೊಪ್ಪು

ಆ ಗುರುವಾರ ಕೈಲಾಂಚದ ಶಿವಲಿಂಗಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೊಸೆ ಸುಮನಾ ಊರಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅವತ್ತು ಅವಳ ವಿಜ್ಞಾನದ ಪಾಠ ನೋಡಲು ರಾಮನಗರದ ಶಿಕ್ಷಣ ಇಲಾಖೆಯಿಂದ ಫಿರೋಜಾ ಮೇಡಂ ಬರುವವರಿದ್ದರು. ಅವರು ಚೆನ್ನಾಗಿದೆ ಎಂದು ಬರೆದರೆ ಮುಂದಿನ ವರ್ಷವೂ ಸುಮನಾ ಇಲ್ಲೇ. ಇಲ್ಲದಿದ್ದರೆ ಆ ಕುರ್ಚಿಗೆ ಬೇರೆ ಯಾರೋ. ಪೋಷಕರೂ ಬಂದು ಕೂರಬಹುದು ಎಂದು ಶಾಲೆಯವರು ಹೇಳಿದ್ದೇ ತಡ, ಅತ್ತೆಯೂ ಪೋಷಕಳೇ ಎಂದು ಶಿವಲಿಂಗಮ್ಮ ತೀರ್ಮಾನಿಸಿಬಿಟ್ಟಳು. ಮೂರು ದಿನದಿಂದ ಡೈರಿಗೆ ಹಾಲು ಹಾಕುವ ಕ್ಯೂನಲ್ಲಿ ಅವಳದು ಒಂದೇ ರಾಗ: "ನಮ್ ಸುಮನಾ ಎಲೆ ಒಳಗಿಂದ ಬಿಸಿಲು ತಗ್ದು ತೋರುಸ್ತಾಳೆ ಕಣ್ರೋ!"

ಆ ಎಲೆಯ ವಿಷಯದಲ್ಲೇ ಹಿಂದಿನ ದಿನ ಅತ್ತೆ ಸೊಸೆಗೆ ಸಣ್ಣದೊಂದು ಜಟಾಪಟಿ ನಡೆದಿತ್ತು. ಶಾಲೆಯ ಅಂಗಳದ ದಾಸವಾಳದ ಎಲೆ ಸಾಕು, ಅಭ್ಯಾಸ ಮಾಡಿದಾಗಲೆಲ್ಲ ಮಧ್ಯಾಹ್ನ ಅದನ್ನೇ ಕಿತ್ತದ್ದು ಎಂದು ಸುಮನಾ ಹೇಳಿದ್ದಳು.

"ದಾಸವಾಳವಾ?" ಶಿವಲಿಂಗಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಮೂವತ್ತೊರ್ಷದಿಂದ ರೇಷ್ಮೆ ಮೇಯಿಸ್ತಿರೋ ಮನೆ ಸೊಸೆ, ಯಾವ್ದೋ ಗಿಡದ ಎಲೆ ಇಡ್ಕೊಂಡ್ ನಿಂತ್ಕೋತಾಳಂತೆ! ನಮ್ ಸೊಪ್ಪು ತಿಂದ ಹುಳ ಯಾವತ್ತಾದ್ರೂ ಮುನಿಸ್ಕಂಡವಾ?"

ಸುಮನಾ ನಕ್ಕು ಸೋತಳು.

ಶಿವಲಿಂಗಮ್ಮ ತನ್ನ ಹಿಪ್ಪುನೇರಳೆ ಸೊಪ್ಪನ್ನು ಹುಳಕ್ಕೆ ಕೀಳುವಂತೆಯೇ ಕಿತ್ತಳು. ಅಂದರೆ ಬೆಳಕು ಹರಿಯುವ ಮುಂಚೆ, ಎಲೆ ತಂಪಾಗಿ ತೇವವಾಗಿರುವಾಗ. ಬಾಡದಿರಲೆಂದು ಒದ್ದೆ ಗೋಣಿಯಲ್ಲಿ ಸುತ್ತಿ ಕತ್ತಲ ಕೋಣೆಯಲ್ಲಿ ಇಟ್ಟಳು. ಅಂಗೈಯಗಲದ ಎಲೆಗಳು, ಒಂದು ತೂತಿಲ್ಲ, ಒಂದು ಕಲೆಯಿಲ್ಲ. ಹನ್ನೊಂದೂವರೆಗೆ ಗೋಣಿಯನ್ನು ಕಂಕುಳಲ್ಲಿಟ್ಟುಕೊಂಡು, ಬೀಗರ ಮನೆಗೆ ಹೊರಟವಳ ಹಾಗೆ ಶಾಲೆಗೆ ನಡೆದಳು.

ಕಿಕ್ಕಿರಿದು ಬಂದಿದ್ದ ಪೋಷಕರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರೆ ಅವಳಿಗೆ ಪಾಠವೇ ತಲೆಗೇರಿತು.

"ಎಲೆ ಅಂದರೆ ಗಿಡದ ಅಡುಗೆಮನೆ," ಸುಮನಾ ಹೇಳುತ್ತಿದ್ದಳು. "ನೀರು ಬೇರಿನಿಂದ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಯಿಂದ. ಒಲೆಯ ಉರಿ ಬಿಸಿಲಿನದು. ಆ ಬಿಸಿಲನ್ನು ಹಿಡಿಯುವುದು ಎಲೆಯ ಹಸಿರು, ಪತ್ರಹರಿತ್ತು. ಆಗುವ ಅಡುಗೆ ಸಕ್ಕರೆ. ಮಿಕ್ಕಿದ್ದನ್ನು ಎಲೆ ಪಿಷ್ಟ ಮಾಡಿ ಎತ್ತಿಡುತ್ತದೆ. ಬಿಸಿಲಿನ ಶಕ್ತಿ ಅದರೊಳಗೇ ಕೂತಿರುತ್ತದೆ. ಇದೇ ದ್ಯುತಿಸಂಶ್ಲೇಷಣೆ."

ಅಂದರೆ ಮೂವತ್ತು ವರ್ಷ ತಾನು ಹುಳಕ್ಕೆ ತಿನ್ನಿಸಿದ್ದು ಬಿಸಿಲು! ಶಿವಲಿಂಗಮ್ಮನಿಗೆ ನಗು ಉಕ್ಕಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸುಮನಾ ಎಲೆಯನ್ನು ನೀರಿನಲ್ಲಿ ಕುದಿಸಿದಳು. ಬಿಸಿನೀರಿನ ಪಾತ್ರೆಯಲ್ಲಿಟ್ಟ ಸ್ಪಿರಿಟ್‌ಗೆ ಅದನ್ನು ಹಾಕಿ ಹಸಿರನ್ನೆಲ್ಲ ಇಳಿಸಿದಳು. ಬಿಳಿಚಿಕೊಂಡ ಎಲೆಯನ್ನು ತೊಳೆದು ಬಿಳಿ ತಟ್ಟೆಯ ಮೇಲೆ ಹರಡಿದಳು. "ಈಗ ಅಯೋಡಿನ್. ಪಿಷ್ಟ ಇದ್ದರೆ ಎಲೆ ನೀಲಿಗಪ್ಪಾಗುತ್ತದೆ, ನೋಡಿ."

ಎಲ್ಲರೂ ನೋಡಿದರು. ಎಲೆ ಅಯೋಡಿನ್ನಿನ ಕಂದು ಬಣ್ಣದಲ್ಲೇ ಸುಮ್ಮನೆ ಬಿದ್ದಿತ್ತು. ಇನ್ನೊಂದು ಹನಿ. ಊಹೂಂ. ಯಾವನೋ ಒಬ್ಬ ಕಿಸಕ್ಕೆಂದ. ಫಿರೋಜಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ನನ್ನದೇ ತಪ್ಪು ಮೇಡಂ," ಸುಮನಾಳ ದನಿ ಸಣ್ಣಗಾಯಿತು. "ಎಲೆ ಆರಿಸುವುದರಲ್ಲಿ ಎಡವಿದೆ." ಹಿಂದಿನ ಬೆಂಚಿನ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ.

ಸುಮ್ಮನೆ ಕೂತಿದ್ದರೆ ಶಿವಲಿಂಗಮ್ಮನ ಸೊಪ್ಪಿನ ಮರ್ಯಾದೆ ಉಳಿಯುತ್ತಿತ್ತು. ಊರಿನ ಅರ್ಧ ಜನರ ಮುಂದೆ ಅವಳು ಎದ್ದು ನಿಂತಳು.

"ಅವ್ಳ್ ತಪ್ಪಲ್ಲ ಮೇಡಮ್ನೋರೇ, ನಂದು. ದಾಸವಾಳ ಸಾಕು ಅಂತ ಬಡ್ಕಂಡ್ಲು, ನಾನೇ ಕೇಳ್ನಿಲ್ಲ. ಕೋಳಿ ಕೂಗೋ ಹೊತ್ಗೆ ಕಿತ್ತು, ಗೋಣೀಲಿ ಸುತ್ತಿ ಕತ್ಲೇಲಿ ಮಡುಗ್ಬುಟ್ಟೆ. ಇವತ್ತಿನ ಬಿಸಿಲಿನ ಮಕಾನೇ ಕಂಡಿಲ್ಲ ಅದು."

ಸುಮನಾ ಗಕ್ಕನೆ ತಲೆಯೆತ್ತಿದಳು. "ಅತ್ತೆ, ಎಷ್ಟೊತ್ತಿಗೆ ಕಿತ್ರಿ ಅಂದ್ರಿ?"

"ಕೋಳಿ ಕೂಗೋ ಹೊತ್ಗೆ ಕಣವ್ವ."

"ಅಯ್ಯೋ, ಅದೇ ಮತ್ತೆ!" ಅಲ್ಲಿಯವರೆಗಿನ ಅವಳ ಪುಸ್ತಕದ ಕನ್ನಡ ಹಾರಿಹೋಯಿತು. "ನಿನ್ನೆ ಎತ್ತಿಟ್ಟಿದ್ದ ಪಿಷ್ಟಾನ ಎಲೆ ರಾತ್ರಿಯೆಲ್ಲ ಕರಗಿಸಿ, ಒಸಿ ತಾನುಂಡು, ಮಿಕ್ಕಿದ್ದ ಕಡ್ಡಿಗೆ ಬೇರಿಗೆ ಕಳಿಸ್ಬುಟ್ಟೈತೆ! ಬೆಳಿಗ್ಗೆಗೆ ಖಾಲಿ! ಎಲೆ ಫೇಲಾಗಿಲ್ಲ ಕಣ್ರೋ, ಹಸ್ಕಂಡೈತೆ!"

"ಹಂಗಾರೆ ಬಿಸಿಲುಂಡಿದ್ದು ತತ್ತೀನಿ ತಡಿ!" ಶಿವಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಯೇಬಿಟ್ಟಳು. ಶಾಲೆಯ ಬೇಲಿಯಾಚೆಗೆ ಅವಳದೇ ತೋಟ. ಇಡೀ ತರಗತಿ ಅವಳ ಹಿಂದೆ ಓಡಿತು.

ಎರಡನೇ ಎಲೆ ಕುದಿಯುತ್ತಿರುವಾಗ ಊಟದ ಗಂಟೆ ಹೊಡೆಯಿತು. ಸಾಂಬಾರಿನ ವಾಸನೆ ಒಳಗೆ ಬಂತು. ಒಬ್ಬ ಹುಡುಗನೂ ಅಲುಗಲಿಲ್ಲ. ಫಿರೋಜಾ ಮೇಡಂ ಕೂಡ ಕುರ್ಚಿ ಬಿಟ್ಟು ತಟ್ಟೆಯ ಪಕ್ಕದಲ್ಲಿ ನಿಂತಿದ್ದರು.

ಹನಿ ಬಿತ್ತು. ಮೊದಲು ಅಂಚು ಕಪ್ಪಾಯಿತು. ನೋಡನೋಡುತ್ತ ಇಡೀ ಎಲೆ ನೀಲಿಗಪ್ಪಾಯಿತು.

ಹೋ ಎಂಬ ಕೂಗಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಶಿವಲಿಂಗಮ್ಮ ಪಕ್ಕದಲ್ಲಿದ್ದವರನ್ನು ಬಾಚಿ ತಬ್ಬಿಕೊಂಡಳು. ಯಾರೆಂದು ನೋಡಿದರೆ ಫಿರೋಜಾ ಮೇಡಂ! ಕೈಗೆ ತಗುಲಿದ್ದು ನುಣುಪಾದ ರೇಷ್ಮೆ ಸೀರೆ.

"ಅಯ್ಯಯ್ಯೋ, ತಪ್ಪಾಯ್ತು ಮೇಡಮ್ನೋರೇ! ಆದ್ರೆ... ನೀವುಟ್ಟಿರೋದೂ ಬಿಸಿಲೇ ಅಲ್ವಾ?"

ಮೇಡಂ ತಮ್ಮ ಸೆರಗನ್ನು ಒಂದು ಗಳಿಗೆ ನೋಡಿಕೊಂಡರು. "ನಮ್ಮಪ್ಪ ನಲವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ್ರು ಕಣಮ್ಮ. ಬಿಸಿಲು ಬಿಚ್ತಿದ್ದೀನಿ ಅಂತ ಅವರಿಗೂ ಗೊತ್ತಿರಲಿಲ್ಲ." ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಸುಮನಾಳ ಕಡೆ ತಿರುಗಿದರು. "ಮುಂದಿನ ವರ್ಷ ಈ ಪಾಠ ಮಾಡುವಾಗ ಎರಡೂ ಎಲೆ ಇಡಬೇಕು. ಬೆಳಗಿನದೂ, ಮಧ್ಯಾಹ್ನದ್ದೂ."

"ಮುಂದಿನ್ ವರ್ಷ ಅಂದ್ರಾ?" ಕೇಳಿದ್ದು ಶಿವಲಿಂಗಮ್ಮ.

"ಅಂದೆ. ಬರೆದೂ ಆಯಿತು."

ಸುಮನಾ ಬಂದು ಅತ್ತೆಯ ಕೈ ಹಿಡಿದಳು. ಅತ್ತೆ ಅಳುತ್ತಲೇ ನಕ್ಕಳು.

ಆ ಸಂಜೆ ಡೈರಿಯ ಕ್ಯೂನಲ್ಲಿ ಜನ ಕಾಯುತ್ತಿದ್ದರು. ಸುದ್ದಿ ಅರ್ಧಂಬರ್ಧ ಹಬ್ಬಿತ್ತು. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಕಂದು ಹಿಡಿದ ಆ ಮೊದಲನೇ ಎಲೆ ಹಿಡಿದು ಬಂದ ಶಿವಲಿಂಗಮ್ಮ, ರಸ್ತೆಯ ತುದಿಯಿಂದಲೇ ಕೂಗಿದಳು:

"ನನ್ ಸೊಪ್ಪು ಫೇಲಾಯ್ತು ಕಣ್ರೋ! ನಮ್ ಸುಮನಾ ಪಾಸಾದ್ಲು!"